ಹೊಸ ಫೋರ್ ಬೈ ಫೋರ್ ಗಾಡಿ: ಸ್ಟೇರಿಂಗ್ ತೇಲುವುದು ಬೇರೆ, ಅದುರುವುದು ಬೇರೆ

ಪ್ರಶ್ನೆ: ನಾನು ಸೇಡಂ ಕಡೆಯ ರೈತ. ಏಳು ತಿಂಗಳ ಹಿಂದೆ ಹೊಸ ಪೆಟ್ರೋಲ್ ಫೋರ್ ಬೈ ಫೋರ್ ಗಾಡಿ ತಗೊಂಡೆ. ಮುಂದೆಯೂ ಹಿಂದೆಯೂ ಸಾಲಿಡ್ ಆಕ್ಸಲ್. ಹೊಲದಲ್ಲಿ ಅದರ ಕೆಲಸಕ್ಕೆ ಎರಡನೇ ಮಾತಿಲ್ಲ. ಆದರೆ ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವಾಗ 80ರ ವೇಗದಲ್ಲಿ ಗಾಡಿ ಎಡಕ್ಕೆ, ಬಲಕ್ಕೆ ತೇಲುತ್ತದೆ. ಸ್ಟೇರಿಂಗ್ ಅನ್ನು ಸುಮ್ನೆ ಹಿಡಿದರೆ ಸಾಲದು, ತಿದ್ದುತ್ತಲೇ ಇರಬೇಕು. ಇದು ಮೊದಲ ದಿನದಿಂದ ಇದೆ. ಮೂರು ತಿಂಗಳಾದ ಮೇಲೆ ದಪ್ಪ ಮಡ್ ಟೈರ್, ಅಗಲ ಅಲಾಯ್ ಹಾಕಿಸಿದೆ. ಮಳೆಗಾಲ ಮುಗಿದ ಮೇಲೆ ಇನ್ನೊಂದು ಶುರುವಾಗಿದೆ. ಸೇತುವೆಯ ಜಾಯಿಂಟ್ ದಾಟಿದ ಕೂಡಲೇ ಒಮ್ಮೊಮ್ಮೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ಅದುರುತ್ತದೆ. ವೇಗ ಪೂರ್ತಿ ಇಳಿಸಿದರೆ ಮಾತ್ರ ನಿಲ್ಲುತ್ತದೆ. ಸರ್ವಿಸ್ ಸೆಂಟರ್‌ನವರು ಅಲೈನ್‌ಮೆಂಟ್ ಮಾಡಿ, "ಈ ಗಾಡಿ ಹಿಂಗೇ ಇರ್ತದ್ರಿ ಸರ್" ಎಂದು ಕಳಿಸಿದರು. ಗೆಳೆಯರೊಬ್ಬರು ಸ್ಟೇರಿಂಗ್ ರಾಡ್‌ಗೆ ಗಟ್ಟಿ ಡ್ಯಾಂಪರ್ (ಹೊಡೆತ ಹೀರುವ ಶಾಕ್) ಹಾಕಿಸು ಅಂತಾರೆ. ಟೈರ್ ಅಂಗಡಿಯವರು ಗಾಡಿ ಎರಡು ಇಂಚು ಎತ್ತಿಸಿದರೆ ಸರಿಹೋಗುತ್ತದೆ ಅಂತಾರೆ. ನಮ್ಮ ತಂದೆ, "ನಮ್ಮ ಹಳೇ ಜೀಪು ಒಂದಿನಾನೂ ಹೀಗೆ ಮಾಡಿಲ್ಲ" ಅಂತಾರೆ. ಯಾರ ಮಾತು ಕೇಳಲಿ? ಕಂಪನಿಯಿಂದ ಬಂದ ಟೈರ್‌ಗಳು ಮನೆಯಲ್ಲೇ ಇವೆ, ಕೊಳ್ಳುವವರು ಬಂದಿದ್ದಾರೆ. ಮಾರಲೇ?

ಉತ್ತರ: ನೀವು ಎರಡನ್ನೂ ಒಟ್ಟಿಗೆ ಸೇರಿಸಿ ಬರೆದಿದ್ದೀರಿ. ನಿಜವಾಗಿ ಇವು ಎರಡು ಬೇರೆ ಬೇರೆ ತೊಂದರೆಗಳು. ತೇಲುವುದು ಸ್ವಲ್ಪ ಮಟ್ಟಿಗೆ ಈ ಜಾತಿಯ ಗಾಡಿಗಳ ಗುಣ. ಜಾಯಿಂಟ್ ದಾಟಿದ ಮೇಲೆ ಹಾಗೆ ಅದುರುವುದು ಯಾವ ಗಾಡಿಯ ಗುಣವೂ ಅಲ್ಲ, ಅದು ಹೊಸದಿರಲಿ, ಹಳೆಯದಿರಲಿ. "ಹಿಂಗೇ ಇರ್ತದ್ರಿ" ಎಂಬ ಮಾತನ್ನು ಮೊದಲನೆಯದಕ್ಕೆ ಅರ್ಧ ಒಪ್ಪಬಹುದು. ಎರಡನೆಯದಕ್ಕೆ ಒಪ್ಪಲೇಬೇಡಿ. ಅದುರಾಟದ ಕಾರಣ ಸಿಗುವ ತನಕ ದಯವಿಟ್ಟು ಹೆದ್ದಾರಿಯಲ್ಲಿ 60 ದಾಟಬೇಡಿ. ಮನೆಯವರನ್ನು ಕೂರಿಸಿಕೊಂಡು ದೂರದ ಊರಿಗೆ ಹೋಗುವುದನ್ನೂ ನಿಲ್ಲಿಸಿ.

ಸಾಲಿಡ್ ಆಕ್ಸಲ್ ಎಂದರೆ ಎತ್ತಿನ ಬಂಡಿಯ ಅಚ್ಚಿನ ಹಾಗೆ, ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ತೊಲೆ. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದಕ್ಕೂ ಅದು ತಿಳಿಯುತ್ತದೆ. ನಮ್ಮಲ್ಲಿ ಈಗ ಹೊಸದಾಗಿ ಸಿಗುವ ಗಾಡಿಗಳಲ್ಲಿ ಮುಂದೆಯೂ ಇಂಥ ಆಕ್ಸಲ್ ಇರುವುದು ಕಡಿಮೆ. 2023ರಲ್ಲಿ ಬಂದ ಮಾರುತಿ ಜಿಮ್ನಿಯಲ್ಲಿದೆ, ಜೀಪ್ ರ‍್ಯಾಂಗ್ಲರ್‌ನಲ್ಲಿದೆ. 2020ರ ನಂತರದ ಮಹೀಂದ್ರ ಥಾರ್‌ನಲ್ಲಿ ಹಿಂದೆ ಮಾತ್ರ ಇದೆ, ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುತ್ತವೆ. 2021ರ ನಂತರದ ಫೋರ್ಸ್ ಗೂರ್ಖಾದ್ದೂ ಹಾಗೇ. ಇದನ್ನು ಏಕೆ ಹೇಳುತ್ತಿದ್ದೇನೆ ಎಂದರೆ, ಥಾರ್ ಇಟ್ಟುಕೊಂಡ ಗೆಳೆಯರ ಅನುಭವ ಕೇಳಿ ನಿಮ್ಮ ಗಾಡಿಗೆ ಔಷಧಿ ಮಾಡಬೇಡಿ. ಮುಂದಿನ ಭಾಗದ ರಚನೆಯೇ ಬೇರೆ.

ಈಗ ನಿಮ್ಮ ತಂದೆಯವರ ಮಾತಿಗೆ ಬರೋಣ. ಅವರ ಹಳೇ ಜೀಪಿನಲ್ಲಿ ಪಾಟಾ, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಇತ್ತು. ಪಾಟಾ ಭಾರವನ್ನೂ ಹೊರುತ್ತದೆ, ಆಕ್ಸಲ್ ಅನ್ನು ಹಿಂದೆ ಮುಂದೆ ಮತ್ತು ಅಡ್ಡಕ್ಕೆ ಸರಿಯದ ಹಾಗೆ ಹಿಡಿದೂ ಇಡುತ್ತದೆ. ಹೊಸ ಗಾಡಿಯಲ್ಲಿ ಸುರುಳಿ ಸ್ಪ್ರಿಂಗ್ ಇದೆ. ಸುರುಳಿಗೆ ಭಾರ ಹೊರುವುದು ಮಾತ್ರ ಗೊತ್ತು. ಆಕ್ಸಲ್ ಹಿಂದೆ ಮುಂದೆ ಹೋಗದಂತೆ ಹಿಡಿಯಲು ಉದ್ದದ ಆರ್ಮ್‌ಗಳಿವೆ. ಅಡ್ಡಕ್ಕೆ ಸರಿಯದಂತೆ ಹಿಡಿಯಲು ಇರುವುದು ಒಂದೇ ಒಂದು ರಾಡ್. ಅದನ್ನು ಪ್ಯಾನ್‌ಹಾರ್ಡ್ ರಾಡ್ ಅಥವಾ ಟ್ರ್ಯಾಕ್ ಬಾರ್ ಅನ್ನುತ್ತಾರೆ. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಕ್ಸಲ್‌ಗೆ. ಅದರ ಎರಡು ಬೋಲ್ಟ್‌ಗಳಲ್ಲಿ ಒಂದು ಚೂರೇ ಚೂರು ಸಡಿಲವಾದರೂ ಇಡೀ ಆಕ್ಸಲ್ ಅಡ್ಡಕ್ಕೆ ಆಡುತ್ತದೆ. ಹಾಗಂತ ಹಳೇ ಜೀಪುಗಳು ಅದುರುತ್ತಲೇ ಇರಲಿಲ್ಲ ಎಂದಲ್ಲ. ಕಿಂಗ್ ಪಿನ್, ಅಂದರೆ ಚಕ್ರ ಎಡಬಲಕ್ಕೆ ತಿರುಗಲು ಇರುವ ಗೂಟ, ಸವೆದ ಜೀಪುಗಳು ಚೆನ್ನಾಗಿಯೇ ಅದುರುತ್ತಿದ್ದವು. ಆದರೆ ಅವುಗಳನ್ನು 80ರಲ್ಲಿ ಓಡಿಸುವವರು ಕಡಿಮೆ, ಅಂಥ ರಸ್ತೆಯೂ ಆಗ ಇರಲಿಲ್ಲ ಅಲ್ವಾ?

ಮೊದಲು ತೇಲುವುದನ್ನು ನೋಡೋಣ, ಅದು ಸುಲಭ. ಕಾರುಗಳಲ್ಲಿ ರ‍್ಯಾಕ್ ಸ್ಟೇರಿಂಗ್ ಇರುತ್ತದೆ. ಸಾಲಿಡ್ ಆಕ್ಸಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಸ್ಟೇರಿಂಗ್ ಬಾಕ್ಸ್ ಇರುತ್ತದೆ, ಒಳಗೆ ಸಣ್ಣ ಗುಂಡುಗಳ ಮೇಲೆ ಓಡುವ ಸ್ಕ್ರೂ. ಕಲ್ಲು, ಗುಂಡಿಯ ಹೊಡೆತ ತಡೆಯಲು ಇದು ಒಳ್ಳೆಯದು. ಆದರೆ ನಡುಮಧ್ಯದಲ್ಲಿ ಸ್ಟೇರಿಂಗ್‌ಗೆ ಸ್ವಲ್ಪ ಆಟ ಉಳಿಯುತ್ತದೆ. ಕಾರಿನಿಂದ ಇಳಿದು ಈ ಗಾಡಿ ಹತ್ತಿದವರಿಗೆ ಅದೇ ದೊಡ್ಡ ದೋಷದ ಹಾಗೆ ಅನ್ನಿಸುತ್ತದೆ. ಜೊತೆಗೆ ಎತ್ತರದ ಮೈ, ಕಿರಿದಾದ ನಿಲುವು, ಪಕ್ಕದ ಗಾಳಿ. ಸೇಡಂ, ಮಳಖೇಡ ಕಡೆ ಸಿಮೆಂಟ್ ಲಾರಿಗಳು ಓಡಿ ಓಡಿ ಡಾಂಬರಿನಲ್ಲಿ ಚಕ್ರದ ಜಾಡು ಬಿದ್ದಿರುತ್ತದೆ. ಆ ಜಾಡು ಟೈರನ್ನು ತನ್ನ ಕಡೆ ಎಳೆಯುತ್ತದೆ. ರಸ್ತೆಯ ನಡುಭಾಗ ಎತ್ತರ ಇರುವುದರಿಂದ ಗಾಡಿ ಎಡಕ್ಕೆ ಮೆಲ್ಲಗೆ ವಾಲುವುದೂ ಸಹಜ.

ಇಷ್ಟು ಸಹಜ. ಇದಕ್ಕಿಂತ ಜಾಸ್ತಿ ತೇಲಿದರೆ ಮೊದಲು ಟೈರಿನ ಗಾಳಿ ನೋಡಿ. ಹೊಸ ಗಾಡಿಗಳು ಲಾರಿಯಲ್ಲಿ ಬರುವಾಗ ಟೈರಿಗೆ ಹೆಚ್ಚು ಗಾಳಿ ತುಂಬಿರುತ್ತಾರೆ. ಅದನ್ನು ಇಳಿಸದೆ ಗಾಡಿ ಕೊಡುವುದೂ ಉಂಟು. ಗಟ್ಟಿಯಾದ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ, ಗಾಡಿ ನೆಟ್ಟಗೆ ಹೋಗುವುದೇ ಇಲ್ಲ. ಚಾಲಕನ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿರುವ ಅಳತೆಗೆ ಗಾಳಿ ಇರಲಿ. ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ ಅಳೆಯಿರಿ. ಶಾಖ ಐದಾರು ಡಿಗ್ರಿ ಏರಿದರೆ ಗಾಳಿ ಸುಮಾರು 1 ಪಿಎಸ್‌ಐ ಏರುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನ, ಬಿಸಿ ಡಾಂಬರಿನ ಮೇಲೆ ಓಡಿ ಬಂದ ಟೈರನ್ನು ಬಂಕಿನಲ್ಲಿ ಅಳೆದರೆ ಏನೂ ತಿಳಿಯುವುದಿಲ್ಲ. ನೀವು ಹಾಕಿಸಿದ ಹೊಸ ಟೈರಿನ ಅಳತೆ ಬೇರೆಯಾದ್ದರಿಂದ ಸ್ಟಿಕ್ಕರ್‌ನ ಅಂಕಿ ಅದಕ್ಕೆ ನೇರವಾಗಿ ಹೊಂದುವುದಿಲ್ಲ, ಟೈರ್ ಕಂಪನಿಯ ಪಟ್ಟಿ ನೋಡಬೇಕು. ಮಡ್ ಟೈರಿನ ಎತ್ತರದ ಗುಬ್ಬಿಗಳು ಡಾಂಬರಿನ ಮೇಲೆ ಬಾಗುತ್ತವೆ. ಆ ಬಾಗುವಿಕೆಯೂ ಸ್ಟೇರಿಂಗ್‌ನಲ್ಲಿ ಸಡಿಲದ ಹಾಗೆಯೇ ಕಾಣುತ್ತದೆ.

ಆಮೇಲೆ ಅಲೈನ್‌ಮೆಂಟ್. ಇಲ್ಲಿ ಒಂದು ವಿಷಯ ಗಮನಿಸಿ. ಸಾಲಿಡ್ ಆಕ್ಸಲ್‌ನಲ್ಲಿ ಸಾಮಾನ್ಯ ಅಂಗಡಿಯಲ್ಲಿ ತಿದ್ದಲು ಬರುವುದು ಟೋ ಒಂದೇ. ಟೋ ಎಂದರೆ ಎರಡೂ ಟೈರಿನ ಮುಂಭಾಗ ಒಳಕ್ಕೆ ತಿರುಗಿದೆಯೋ ಹೊರಕ್ಕೆ ತಿರುಗಿದೆಯೋ ಎಂಬುದು. ಹೊರಕ್ಕೆ ತಿರುಗಿದ್ದರೆ ಗಾಡಿ ತೇಲುತ್ತದೆ. ಸ್ವಲ್ಪ ಒಳಕ್ಕಿರಬೇಕು, ಎಷ್ಟು ಎಂಬುದು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಇನ್ನೊಂದು ಕ್ಯಾಸ್ಟರ್. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ ಅದು. ತಿರುವಿನ ನಂತರ ಸ್ಟೇರಿಂಗ್ ತಾನಾಗಿಯೇ ನೇರಕ್ಕೆ ಬರುವುದು, ವೇಗದಲ್ಲಿ ಗಾಡಿ ನೆಟ್ಟಗೆ ಹೋಗುವುದು ಅದರಿಂದಲೇ. ಅದು ಆರ್ಮ್‌ಗಳ ಅಳತೆಯಲ್ಲೇ ಕೂತಿರುತ್ತದೆ, ಮೆಷಿನ್ ಮೇಲೆ ಪಾನಾ ಹಿಡಿದು ತಿದ್ದಲು ಬರುವುದಿಲ್ಲ. ಆದರೆ ಅಳೆಯಲು ಬರುತ್ತದೆ! ಅಳೆದು ಕಾಗದ ಕೊಡಲೇಬೇಕು. "ಅಲೈನ್‌ಮೆಂಟ್ ಮಾಡಿದೆವು" ಎಂಬ ಮಾತಿನ ಜೊತೆ ಮಾಡುವ ಮುಂಚಿನ ಮತ್ತು ಮಾಡಿದ ಮೇಲಿನ ಅಂಕಿಗಳು ನಿಮ್ಮ ಕೈಗೆ ಬಂದವೇ? ಬಂದಿಲ್ಲದಿದ್ದರೆ ಹೋಗಿ ಕೇಳಿ. ಹೊಸ ಗಾಡಿಯಲ್ಲಿ ಕ್ಯಾಸ್ಟರ್ ಅಳತೆ ತಪ್ಪಿದ್ದರೆ ಅದು ವಾರಂಟಿಯ ಕೆಲಸ.

ಎರಡು ಇಂಚು ಎತ್ತಿಸುವ ಮಾತನ್ನು ಇಲ್ಲೇ ಮುಗಿಸುತ್ತೇನೆ. ಈಗ ಬೇಡವೇ ಬೇಡ. ಸ್ಪ್ರಿಂಗ್‌ಗೆ ಸ್ಪೇಸರ್, ಅಂದರೆ ದಪ್ಪ ಬಿಲ್ಲೆ, ಹಾಕಿ ಎತ್ತಿದರೆ ಆಕ್ಸಲ್ ಮುಂದಕ್ಕೆ ಹೊರಳಿ ಕ್ಯಾಸ್ಟರ್ ಕಡಿಮೆಯಾಗುತ್ತದೆ, ಗಾಡಿ ಇನ್ನೂ ತೇಲುತ್ತದೆ. ಟ್ರ್ಯಾಕ್ ಬಾರ್‌ನ ಉದ್ದ ಬದಲಾಗುವುದಿಲ್ಲ, ಓರೆ ಹೆಚ್ಚಾಗುತ್ತದೆ. ಆಗ ಆಕ್ಸಲ್ ಆ ರಾಡ್ ಚಾಸಿಗೆ ಕೂತಿರುವ ಪಕ್ಕಕ್ಕೆ ಸರಿಯುತ್ತದೆ. ಟ್ರ್ಯಾಕ್ ಬಾರ್ ಮತ್ತು ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆ ಹೋಗುವ ರಾಡ್) ಎರಡೂ ಒಂದಕ್ಕೊಂದು ಸಮಾನಾಂತರವಾಗಿ, ಒಂದೇ ಓರೆಯಲ್ಲಿ ಇರುವಂತೆ ಗಾಡಿ ಮಾಡಿದವರು ಲೆಕ್ಕ ಹಾಕಿರುತ್ತಾರೆ. ಆ ಹೊಂದಾಣಿಕೆ ಕೆಟ್ಟರೆ ಪ್ರತಿ ಗುಂಡಿಗೂ ಸ್ಟೇರಿಂಗ್ ತಾನೇ ತಿರುಗುತ್ತದೆ. ಎತ್ತಿಸುವ ಕೆಲಸವನ್ನು ಸರಿಯಾಗಿ ಮಾಡಲು ಬರುತ್ತದೆ, ಅದಕ್ಕೆ ಆರ್ಮ್, ರಾಡ್ ಎಲ್ಲ ಬದಲಿಸಬೇಕು. ಅದುರುವ ಗಾಡಿಗೆ ಮಾಡುವ ಕೆಲಸ ಅದಲ್ಲ.

ಈಗ ನಿಜವಾಗಿ ಚಿಂತೆಯ ವಿಷಯ, ಅದುರಾಟ.

ಇದರಲ್ಲೂ ಎರಡು ಬಗೆ ಇವೆ. ಒಂದು, 70ರಿಂದ 90ರ ನಡುವೆ ಯಾವುದೋ ಒಂದು ವೇಗದಲ್ಲಿ ಸ್ಟೇರಿಂಗ್ ಸಣ್ಣಗೆ ನಡುಗುತ್ತದೆ, ವೇಗ ಏರಿಸಿದರೂ ಇಳಿಸಿದರೂ ಕಡಿಮೆಯಾಗುತ್ತದೆ. ಇದು ಹೆಚ್ಚಾಗಿ ಬ್ಯಾಲೆನ್ಸಿಂಗ್ ತೊಂದರೆ. ನಮ್ಮ ಭಾಗದಲ್ಲಿ ಇದಕ್ಕೆ ಒಂದು ದೊಡ್ಡ ಕಾರಣ ನಮ್ಮ ಎರೆ ಮಣ್ಣು. ತೊಗರಿ ಹೊಲಕ್ಕೆ ಹಸಿಯಲ್ಲಿ ಇಳಿದು ಬಂದ ಗಾಡಿಯ ರಿಮ್ಮಿನ ಒಳಗೋಡೆಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಸಿಮೆಂಟಿನ ಹಾಗೆ ಕೂರುತ್ತದೆ. ಹೊರಗಿನಿಂದ ನೀರು ಹೊಡೆದರೆ ಹೋಗುವುದಿಲ್ಲ. ಚಕ್ರ ಬ್ಯಾಲೆನ್ಸ್ ಮಾಡುವಾಗ 5 ಗ್ರಾಂ, 10 ಗ್ರಾಂ ಸೀಸ ಅಂಟಿಸುತ್ತಾರೆ. ಅಲ್ಲಿ ಅಂಗೈಯಷ್ಟು ಮಣ್ಣು ಒಂದೇ ಕಡೆ ಕೂತರೆ ಏನಾಗಬೇಡ? ಚಕ್ರ ಬಿಚ್ಚಿ, ಒಳಗಡೆ ಮರದ ತುಂಡಿನಿಂದ ಕೆರೆದು ತೊಳೆಯಿರಿ. ಅಂಟಿಸಿದ ಸೀಸದ ತುಂಡುಗಳು ಮಣ್ಣಿನ ಜೊತೆ ಕಿತ್ತು ಹೋಗಿರಬಹುದು, ಆಮೇಲೆ ನಾಲ್ಕೂ ಚಕ್ರ ಬ್ಯಾಲೆನ್ಸ್ ಮಾಡಿಸಿ. ನಿಮ್ಮ ತೊಂದರೆ ಮಳೆಗಾಲದ ನಂತರ ಶುರುವಾದದ್ದು ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಆದರೆ ನೀವು ಬರೆದಿರುವುದು ಎರಡನೇ ಬಗೆ. ಜಾಯಿಂಟ್‌ನ ಹೊಡೆತಕ್ಕೆ ಶುರುವಾಗಿ, ತಾನಾಗಿ ಬೆಳೆದು, ವೇಗ ಇಳಿಸುವ ತನಕ ನಿಲ್ಲದ ಅದುರಾಟ. ಎರಡೂ ಮುಂದಿನ ಚಕ್ರಗಳು ಒಟ್ಟಿಗೆ ಎಡ ಬಲ ಎಡ ಬಲ ಎಂದು ಹೊಡೆದುಕೊಳ್ಳುತ್ತವೆ. ಟೈ ರಾಡ್ ಎರಡನ್ನೂ ಕಟ್ಟಿರುವುದರಿಂದ ಒಂದು ಇನ್ನೊಂದನ್ನು ಕುಣಿಸುತ್ತದೆ. ರ‍್ಯಾಂಗ್ಲರ್ ಓಡಿಸುವವರು ಇದಕ್ಕೆ ಡೆತ್ ವಾಬಲ್, ಅಂದರೆ ಸಾವಿನ ಅದುರಾಟ, ಎಂದೇ ಹೆಸರಿಟ್ಟಿದ್ದಾರೆ. ಹೆಸರು ಭಯ ಹುಟ್ಟಿಸುತ್ತದೆ, ಭಯ ಪಡುವಂಥದ್ದೇ. ಮತ್ತೆ ಬಂದರೆ ಸ್ಟೇರಿಂಗ್ ಜೊತೆ ಜಗಳ ಆಡಬೇಡಿ, ಗಟ್ಟಿಯಾಗಿ ನೇರ ಹಿಡಿಯಿರಿ. ಬ್ರೇಕ್ ಅನ್ನು ಒಮ್ಮೆಲೇ ತುಳಿಯಬೇಡಿ. ಆಕ್ಸಿಲರೇಟರ್ ಬಿಡಿ, ಮೆಲ್ಲಗೆ ಬ್ರೇಕ್ ಹಾಕುತ್ತ ಎಡ ಬದಿಗೆ ಬನ್ನಿ. ಹಿಂದೆ ಲಾರಿ ಇರುತ್ತದೆ, ಇಂಡಿಕೇಟರ್ ಮರೆಯಬೇಡಿ.

ಅದುರಾಟಕ್ಕೆ ಎರಡು ಬೇಕು: ಹೊಡೆತ ಕೊಡುವುದು ಒಂದು, ಆ ಹೊಡೆತವನ್ನು ಉಳಿಸಿ ಬೆಳೆಸುವ ಸಡಿಲ ಒಂದು. ಸೇತುವೆಯ ಜಾಯಿಂಟ್, ಬ್ಯಾಲೆನ್ಸ್ ತಪ್ಪಿದ ಚಕ್ರ ಇವು ಹೊಡೆತ. ಸಡಿಲ ಎಲ್ಲಿದೆ ಎಂಬುದನ್ನು ಹುಡುಕಬೇಕು, ಹುಡುಕಲು ಮೆಷಿನ್ ಬೇಡ, ಇಬ್ಬರು ಜನ ಸಾಕು.

ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ. ಶಹಾಬಾದ್ ಫರ್ಸಿ ಹಾಸಿದ ಅಂಗಳವಾದರೆ ಒಳ್ಳೆಯದು. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಆಟೊಮ್ಯಾಟಿಕ್ ಆದರೆ ಪಿ ಯಲ್ಲಿರಲಿ. ಜಾಕ್ ಹಾಕಬೇಡಿ. ಚಕ್ರದ ಮೇಲೆ ಗಾಡಿಯ ಭಾರ ಇದ್ದರೆ ಮಾತ್ರ ರಾಡ್‌ಗಳ ಸಡಿಲ ಕಾಣುತ್ತದೆ. ಎಂಜಿನ್ ಚಾಲೂ ಮಾಡಿ ಒಬ್ಬರು ಒಳಗೆ ಕೂತು ಸ್ಟೇರಿಂಗ್ ಅನ್ನು ಸ್ವಲ್ಪವೇ ಎಡಕ್ಕೆ ಬಲಕ್ಕೆ ಜಗ್ಗುತ್ತಿರಲಿ. ಇನ್ನೊಬ್ಬರು ಮುಂದಿನಿಂದ ಟಾರ್ಚ್ ಹಿಡಿದು ಮಲಗಿ ನೋಡಲಿ. ರಾಡ್‌ಗಳ ನಡುವೆ ಬೆರಳು ಇಡಬೇಡಿ.

ಮೊದಲು ಟ್ರ್ಯಾಕ್ ಬಾರ್‌ನ ಎರಡೂ ತುದಿ. ರಬ್ಬರ್ ಬುಷ್ ಸ್ವಲ್ಪ ಹಿಸುಕಿಕೊಳ್ಳುವುದು ಸರಿ. ಆದರೆ ಬೋಲ್ಟ್ ತನ್ನ ತೂತಿನಲ್ಲಿ ಟಕ್ ಟಕ್ ಎಂದು ಆಡಬಾರದು. ಬೋಲ್ಟಿನ ಸುತ್ತ ಕೆಂಪು ಪುಡಿಯಂಥ ತುಕ್ಕು ಅಥವಾ ಬಣ್ಣ ಕಿತ್ತು ಹೊಳೆಯುವ ಲೋಹ ಕಂಡರೆ ಅಲ್ಲಿ ಆಟ ಇದೆ ಎಂದೇ ಅರ್ಥ. ಚಾಸಿಗೆ ಬೆಸುಗೆ ಹಾಕಿದ ಬ್ರಾಕೆಟ್‌ನಲ್ಲಿ ಬಿರುಕು ಇದೆಯೇ ನೋಡಿ. ಆಮೇಲೆ ಡ್ರ್ಯಾಗ್ ಲಿಂಕ್ ಮತ್ತು ಟೈ ರಾಡ್‌ನ ಎಂಡ್‌ಗಳು, ಅವುಗಳ ರಬ್ಬರ್ ಬೂಟ್ ಹರಿದು ಎರೆ ಮಣ್ಣು ಒಳಗೆ ಹೋಗಿದೆಯೇ ಎಂದು. ಆಮೇಲೆ ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂತ ಬೋಲ್ಟ್‌ಗಳು. ಇಷ್ಟರಲ್ಲೂ ಏನೂ ಸಿಗದಿದ್ದರೆ ಗ್ಯಾರೇಜಿನಲ್ಲಿ ಒಂದೊಂದೇ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ವೀಲ್ ಬೇರಿಂಗ್, ಕಿಂಗ್ ಪಿನ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸಡಿಲ ಇದ್ದರೆ ಆಗ ಗೊತ್ತಾಗುತ್ತದೆ. ನೀವು ಮಳೆಗಾಲದಲ್ಲಿ ಹಳ್ಳ ದಾಟಿದ್ದರೆ ಇದನ್ನು ಬಿಡಲೇಬೇಡಿ.

ನನ್ನ ಅಂದಾಜು ಕೇಳಿದರೆ, ಏಳು ತಿಂಗಳ ಗಾಡಿಯಲ್ಲಿ ಬುಷ್ ಸವೆದಿರುವುದಕ್ಕಿಂತ ಟ್ರ್ಯಾಕ್ ಬಾರ್ ಬೋಲ್ಟ್ ಸಡಿಲವಾಗಿರುವ ಸಾಧ್ಯತೆ ಜಾಸ್ತಿ. ಅದನ್ನು ಕಣ್ಣಂದಾಜಿನಲ್ಲಿ ಬಿಗಿ ಮಾಡುವುದು ಬೇಡ. ಟಾರ್ಕ್ ಪಾನಾ ಹಾಕಿ, ಕಂಪನಿ ಹೇಳಿದ ಅಳತೆಗೆ ಬಿಗಿಯಬೇಕು. ಬಿಗಿಯುವಾಗ ಗಾಡಿ ನೆಲದ ಮೇಲೆ ನಿಂತಿರಬೇಕು. ಲಿಫ್ಟ್ ಮೇಲೆ ಎತ್ತಿ, ಚಕ್ರ ಜೋತು ಬಿದ್ದಾಗ ಬಿಗಿದರೆ, ಇಳಿಸಿದ ಕೂಡಲೇ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಈ ಒಂದು ತಪ್ಪು ನಮ್ಮ ಗ್ಯಾರೇಜುಗಳಲ್ಲಿ ಎಷ್ಟು ಸಾಮಾನ್ಯ ಎಂದರೆ ಹೇಳಲು ಬೇಸರವಾಗುತ್ತದೆ.

ಇನ್ನೊಂದು ಕೆಲಸ ಮಾಡಲು ಯಾರನ್ನೂ ಬಿಡಬೇಡಿ. ಸ್ಟೇರಿಂಗ್ ಬಾಕ್ಸ್ ಮೇಲೆ ಒಂದು ಸ್ಕ್ರೂ, ಅದಕ್ಕೊಂದು ನಟ್ ಇರುತ್ತದೆ. "ಪ್ಲೇ ತೆಗೀತೀನಿ" ಎಂದು ಕೆಲವರು ಅದನ್ನು ತಿರುಗಿಸುತ್ತಾರೆ. ಎರಡು ದಿನ ಚೆನ್ನಾಗಿ ಅನ್ನಿಸುತ್ತದೆ. ಜಾಸ್ತಿ ಬಿಗಿಯಾದರೆ ನಡುವಿನಲ್ಲಿ ಸ್ಟೇರಿಂಗ್ ಹಿಡಿದುಕೊಳ್ಳುತ್ತದೆ, ತಿರುವಿನ ನಂತರ ತಾನಾಗಿ ವಾಪಸ್ ಬರುವುದಿಲ್ಲ, ಒಳಗಿನ ಹಲ್ಲು ಸವೆಯುತ್ತದೆ. ಹೊಸ ಗಾಡಿಯ ಬಾಕ್ಸ್‌ನಲ್ಲೇ ದೋಷ ಇದ್ದರೆ ಕಂಪನಿ ಬದಲಿಸಿ ಕೊಡಲಿ.

ಗಟ್ಟಿ ಡ್ಯಾಂಪರ್ ಹಾಕಿಸಬೇಕೆ? ಡ್ಯಾಂಪರ್‌ನ ಕೆಲಸ ಹೊಡೆತವನ್ನು ಹೀರುವುದು. ಅದು ಆಕ್ಸಲ್ ಅನ್ನು ಜಾಗದಲ್ಲಿ ಹಿಡಿಯುವುದಿಲ್ಲ, ಬೋಲ್ಟ್ ಬಿಗಿಯುವುದಿಲ್ಲ. ಸಡಿಲ ಇರುವಾಗ ಗಟ್ಟಿ ಡ್ಯಾಂಪರ್ ಹಾಕಿದರೆ ಅದುರಾಟ ಕೆಲವು ತಿಂಗಳು ಅಡಗಿ ಕೂರುತ್ತದೆ, ಬೋಲ್ಟಿನ ತೂತು ಒಳಗೊಳಗೇ ಅಗಲವಾಗುತ್ತಿರುತ್ತದೆ. ಈಗಿರುವ ಡ್ಯಾಂಪರ್‌ನಿಂದ ಎಣ್ಣೆ ಸೋರುತ್ತಿದ್ದರೆ ಬದಲಿಸಿ, ಅದು ಬೇರೆ ಮಾತು. ಎಲ್ಲ ಜಾಯಿಂಟ್ ಗಟ್ಟಿ ಇದ್ದು, ಚಕ್ರ ಬ್ಯಾಲೆನ್ಸ್ ಆಗಿ, ಅಳತೆಗಳು ಸರಿ ಇದ್ದೂ ಅದುರಿದರೆ ಆಗ ಡ್ಯಾಂಪರ್ ಸರದಿ.

ಹೊಸ ಗಾಡಿಯಲ್ಲಿ ಕಂಪನಿಯ ದೋಷ ಇರಲಾರದು ಎಂದು ಯಾರಾದರೂ ಹೇಳಿದರೆ ರ‍್ಯಾಂಗ್ಲರ್‌ನ ಕಥೆ ಹೇಳಿ. ಅಮೆರಿಕದಲ್ಲಿ 2018ರ ಮಾಡೆಲ್ ಆಗಿ ಹೊಸ ರ‍್ಯಾಂಗ್ಲರ್ ಬಂತು. ಅದೇ ವರ್ಷ, ಮುಂದಿನ ಟ್ರ್ಯಾಕ್ ಬಾರ್ ಅನ್ನು ಚಾಸಿಗೆ ಹಿಡಿಯುವ ಬ್ರಾಕೆಟ್‌ನ ಬೆಸುಗೆ ಸರಿ ಇಲ್ಲ ಎಂದು ಅಲ್ಲಿನ ಸುಮಾರು 18,000 ಗಾಡಿಗಳನ್ನು ವಾಪಸ್ ಕರೆಸಿದರು. ಅದುರುವ ದೂರುಗಳು ಬಂದ ಮೇಲೆ 2019ರಲ್ಲಿ ಬೇರೆ ಡ್ಯಾಂಪರ್ ಅನ್ನು ಉಚಿತವಾಗಿ ಹಾಕಿಕೊಟ್ಟರು. ಸ್ಟೇರಿಂಗ್ ತೇಲುತ್ತದೆ ಎಂಬ ದೂರಿಗೆ ಅಲ್ಯೂಮಿನಿಯಂ ಸ್ಟೇರಿಂಗ್ ಬಾಕ್ಸ್ ತೆಗೆದು ಉಕ್ಕಿನ ಬಾಕ್ಸ್ ತಂದರು. ನೋಡಿ, ಮೂರು ತೊಂದರೆ, ಮೂರು ಬೇರೆ ಬೇರೆ ಉತ್ತರ. ಜನ ದೂರು ಕೊಡದೆ ಸುಮ್ಮನೆ ಕೂತಿದ್ದರೆ ಕೊನೆಯ ಎರಡು ಆಗುತ್ತಿರಲಿಲ್ಲ.

ನೀವು ಮತ್ತೆ ಸರ್ವಿಸ್ ಸೆಂಟರ್‌ಗೆ ಹೋಗಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಜಾಬ್ ಕಾರ್ಡ್‌ನಲ್ಲಿ ಬರೆಸಿ. "ಸ್ಟೇರಿಂಗ್ ಸಮಸ್ಯೆ" ಎಂದಷ್ಟೇ ಬರೆಸಿದರೆ ಪ್ರಯೋಜನವಿಲ್ಲ. ಯಾವ ರಸ್ತೆ, ಎಷ್ಟು ವೇಗ, ಯಾವುದರ ಮೇಲೆ ಹತ್ತಿದಾಗ ಶುರುವಾಯಿತು, ಎಷ್ಟು ವೇಗಕ್ಕೆ ಇಳಿದಾಗ ನಿಂತಿತು, ಇಷ್ಟೂ ಇರಲಿ. ಎರೆ ಮಣ್ಣು ಮೆತ್ತಿದ ರಿಮ್ ತೊಳೆದ ಮೇಲೆಯೇ ಅವರ ಮೆಕ್ಯಾನಿಕ್ ಅನ್ನು ಕೂರಿಸಿಕೊಂಡು ರಸ್ತೆ ಪರೀಕ್ಷೆ ಮಾಡಿಸಿ, ಇಲ್ಲವಾದರೆ "ಮಣ್ಣಿನಿಂದ ಆಗಿದೆ" ಎಂದು ಮಾತು ಮುಗಿಸುತ್ತಾರೆ. ಸ್ಟೇರಿಂಗ್ ಚಕ್ರ ನೇರ ಕೂತಿಲ್ಲದಿದ್ದರೆ ಅದನ್ನೂ ಬರೆಸಿ. ಡ್ರ್ಯಾಗ್ ಲಿಂಕ್‌ನಲ್ಲಿ ಅದನ್ನು ಸರಿ ಮಾಡಬೇಕು. ಓರೆ ಇದ್ದರೆ, ಜಾರದಂತೆ ತಾನಾಗಿ ಬ್ರೇಕ್ ಹಿಡಿಯುವ ಗಾಡಿಯ ಇಎಸ್‌ಪಿ, ನೀವು ತಿರುಗುತ್ತಿದ್ದೀರಿ ಎಂದು ತಿಳಿದು ಬೇಡದಿದ್ದಾಗ ಬ್ರೇಕ್ ಹಿಡಿಯಬಹುದು.

ಅಷ್ಟಾದರೂ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕಲಬುರಗಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ, ಕೊಟ್ಟ ಬೆಲೆ 50 ಲಕ್ಷದವರೆಗಿನ ದೂರುಗಳನ್ನು ಅಲ್ಲೇ ತೆಗೆದುಕೊಳ್ಳುತ್ತಾರೆ. ಅಲ್ಲಿ ನಿಮ್ಮ ಪರವಾಗಿ ಮಾತಾಡುವುದು ಜಾಬ್ ಕಾರ್ಡ್‌ಗಳು ಮತ್ತು ಅಲೈನ್‌ಮೆಂಟ್ ಕಾಗದಗಳು.

ಕೊನೆಗೆ ಹಳೇ ಟೈರ್‌ಗಳ ವಿಷಯ. ಮಾರಬೇಡಿ. ಸರ್ವಿಸ್ ಸೆಂಟರ್‌ಗೆ ಹೋಗುವ ಮುಂಚೆ ಅವನ್ನೇ, ಅವುಗಳ ಮೂಲ ರಿಮ್ ಸಮೇತ, ಬ್ಯಾಲೆನ್ಸ್ ಮಾಡಿಸಿ ಹಾಕಿ. ಅಗಲ ಅಲಾಯ್‌ನಿಂದ ಚಕ್ರ ಹೊರಗೆ ಸರಿದು, ಪ್ರತಿ ಹೊಡೆತ ಸ್ಟೇರಿಂಗ್‌ಗೆ ಹೆಚ್ಚಾಗಿ ಬರುತ್ತಿರಬಹುದು. ಹಳೇ ಟೈರಿನಲ್ಲಿ ಅದುರಾಟ ಪೂರ್ತಿ ನಿಂತರೂ ಟ್ರ್ಯಾಕ್ ಬಾರ್ ಪರೀಕ್ಷೆ ಮಾಡಿಸಿಯೇ ಬನ್ನಿ, ಹೊಡೆತ ಕಡಿಮೆಯಾಗಿ ಸಡಿಲ ಹಾಗೇ ಉಳಿದಿರಬಹುದು. ಹಳೇ ಟೈರಿನಲ್ಲೂ ಅದುರಿದರೆ, "ನೀವು ಹೊರಗಿನ ಟೈರ್ ಹಾಕಿಸಿದ್ದೀರಿ, ವಾರಂಟಿ ಬರಲ್ಲ" ಎನ್ನಲು ಅವರಿಗೆ ಜಾಗವೇ ಇರುವುದಿಲ್ಲ.